ಬೈಸಿಕೊಳ್ಳಲು ಒಬ್ಬರಾದರೂ ಬೇಕು

ನನ್ನ ಸಿಟ್ಟಿಗೆ ನಮ್ಮ ಮನೆಯಲ್ಲಿ ಅಷ್ಟೊಂದು ಮರ್ಯಾದೆ ಇಲ್ಲ. ನಾನು ದನಿ ಏರಿಸಿದರೆ ಗಂಡ ಇಕ್ಬಾಲ್ ಪೇಪರಿನ ಪುಟ ತಿರುವುತ್ತಾರೆ, ಮಗಳು ಪುಸ್ತಕ ಎತ್ತಿಕೊಂಡು ಪಕ್ಕದ ಕೋಣೆಗೆ ನಡೆಯುತ್ತಾಳೆ. ಚಹಾ ಕುದಿಸಿ ಸೋಸುವಷ್ಟರಲ್ಲಿ ನಾನು ತಣ್ಣಗಾಗಿರುತ್ತೇನೆ ಎಂಬುದು ಇಬ್ಬರಿಗೂ ಅನುಭವದಿಂದ ಗೊತ್ತು. ಇಂಥ ನನಗೆ ಕಳೆದ ಮಳೆಗಾಲದಲ್ಲಿ ಒಂದು ಸಿಟ್ಟು ಬಂತು. ಮಳೆಗಾಲ ಮುಗಿಯಿತು, ಚಳಿ ಬಂದು ಹೋಯಿತು, ಸಿಟ್ಟು ಮಾತ್ರ ಹೋಗಲಿಲ್ಲ. ಇದನ್ನು ಬರೆಯುವಾಗಲೂ ಬೆರಳುಗಳು ಕೀಲಿಮಣೆಯ ಮೇಲೆ ಬೇಕಾದ್ದಕ್ಕಿಂತ ಜೋರಾಗಿ ಬೀಳುತ್ತಿವೆ. ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಸಿಟ್ಟಿನ ವಿಷಯದಲ್ಲಿ ನಾನು ಚಿಕ್ಕಂದಿನಿಂದಲೂ ಸ್ವಲ್ಪ ಗೊಂದಲದಲ್ಲೇ ಬೆಳೆದವಳು. ಖಾನಾಪುರದಲ್ಲಿ ನಮ್ಮ ಮನೆಯ ಮಾತು ದಖನಿ, ಶಾಲೆಯ ಮಾತು ಕನ್ನಡ, ಓಣಿಯ ಮಾತು ಅರ್ಧಕ್ಕರ್ಧ ಮರಾಠಿ. ಪಕ್ಕದ ಮನೆಯ ಶಾಂತಕ್ಕ ತನ್ನ ಗಂಡನ ಬಗ್ಗೆ, “ತ್ಯಾಂನಾ ರಾಗ ಆಲಾ” ಎಂದರೆ, ಆ ಮನುಷ್ಯ ಹಾಡಲು ಕುಳಿತಿರಬೇಕು ಎಂದು ನಾನು ಕಿಟಕಿಗೆ ಕಿವಿ ಹಚ್ಚಿ ನಿಂತದ್ದುಂಟು. ಮರಾಠಿಯಲ್ಲಿ ರಾಗವೆಂದರೆ ಸಿಟ್ಟು ಎಂದು ತಿಳಿದದ್ದು, ಹಾಡಿನ ಬದಲು ತಾಟು ಬಿದ್ದ ಸದ್ದು ಕೇಳಿದ ಮೇಲೆ. ಈಗ ಯೋಚಿಸಿದರೆ ಆ ಗೊಂದಲದಲ್ಲೂ ಒಂದು ಅರ್ಥ ಕಾಣುತ್ತದೆ. ಹಾಡಿಗಿಂತಲೂ ಸಿಟ್ಟಿಗೆ ಕೇಳುಗರು ಹೆಚ್ಚು ಬೇಕು. ಬಚ್ಚಲಲ್ಲಿ ಒಬ್ಬರೇ ನಿಂತು ಹಾಡಬಹುದು. ಒಬ್ಬರೇ ನಿಂತು ಬೈದರೆ ಮನೆಯವರು ಡಾಕ್ಟರಿಗೆ ಫೋನ್ ಮಾಡುತ್ತಾರೆ.

ನನಗೆ ಬಂದ ಸಿಟ್ಟಿಗೆ ಕೇಳುಗರೇ ಇರಲಿಲ್ಲ. ಕಥೆ ಅಲ್ಲಿಂದಲೇ ಶುರು.

ನಾನು ಮಾಡುವ ಕೆಲಸ ಏನೆಂದು ಮೊದಲು ಹೇಳಬೇಕು. ಬೆಳಗಾವಿಯ ಉದ್ಯಮಬಾಗದಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗಳಿವೆ. ಅಲ್ಲಿಯ ಭಟ್ಟಿ ಎಷ್ಟು ಕಾದಿದೆ, ಎಲ್ಲಿ ಮಿತಿಮೀರಿ ಕಾಯುತ್ತಿದೆ ಎಂದು ನೋಡುತ್ತಿದ್ದು, ಅಪಾಯವಾಗುವ ಮೊದಲೇ ಕೂಗಿ ಎಚ್ಚರಿಸುವ ಸಾಫ್ಟ್‌ವೇರ್ ಬರೆಯುವವಳು ನಾನು. ಇದನ್ನು ಅಮ್ಮಿಗೆ ತಿಳಿಸಿ ಹೇಳಲು ಹಲವು ಸಲ ಹೆಣಗಿ ಕೈಬಿಟ್ಟೆ. ಅವಳು ತನ್ನದೇ ರೀತಿಯಲ್ಲಿ, “ನನ್ನ ಮಗಳು ಕಾರ್ಖಾನಿಗೆ ಜ್ವರ ನೋಡ್ತಾಳ” ಎಂದು ಓಣಿಗೆಲ್ಲ ಹೇಳಿ ಮುಗಿಸಿದ್ದಾಳೆ. ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ನಮ್ಮದು ಸಣ್ಣ ಕಚೇರಿ. ಮಾಲೀಕರಾದ ಕುಲಕರ್ಣಿ ಸರ್ ಒಂದು ದಿನ ಎಲ್ಲರನ್ನೂ ಕೂಡಿಸಿ, ತಾವು ಮಗಳ ಹತ್ತಿರ ಪುಣೆಗೆ ಹೋಗಿ ನೆಲೆಸುವುದಾಗಿ ಹೇಳಿದರು. ಆಮೇಲೆ ನನ್ನನ್ನು ಬೇರೆ ಕರೆದು, “ದೀಪಾವಳಿ ತನಕ ನಡಸ್ತೀನಿ, ಶಾಹೀನ್. ಅಷ್ಟರಾಗ ನೀವೂ ಎಲ್ಲಾದರ ಚಲೋ ಕಡೆ ನೋಡ್ಕೋರಿ. ನಿಮ್ಮಂಥವ್ರಿಗೆ ಯಾರರ ಬ್ಯಾಡ ಅಂತಾರ?” ಎಂದರು. ಯಾರು ಬೇಡ ಅನ್ನುತ್ತಾರೆ ಎಂಬ ಆ ಪ್ರಶ್ನೆಗೆ ಉತ್ತರ ಸಿಗಲು ಹೆಚ್ಚು ದಿನ ಹಿಡಿಯಲಿಲ್ಲ.

ಒಂದು ದೊಡ್ಡ ಕಂಪನಿಯ ಜಾಹೀರಾತು ಕಣ್ಣಿಗೆ ಬಿತ್ತು. ಎಷ್ಟು ದೊಡ್ಡದೆಂದರೆ, ಅವರ ಒಂದಲ್ಲ ಒಂದು ಸಾಮಾನು ಈಗ ನಿಮ್ಮ ಕೈಯಲ್ಲೋ ಕಿಸೆಯಲ್ಲೋ ಇರುವ ಸಾಧ್ಯತೆ ಇದೆ. ಹೆಸರು ಹೇಳುವುದಿಲ್ಲ. ಇನ್ನೊಬ್ಬರ ಹೆಸರು ಸುಮ್ಮನೆ ಕೆಡಿಸಬಾರದು ಎಂಬ ಸಭ್ಯತೆ ನನಗಿದೆ. ಅವರಿಗೆ ಇರಲಿಲ್ಲ ಎಂಬುದು ಮುಂದಿನ ಮಾತು. ಊರು ಬಿಟ್ಟು ಬರಬೇಕಾಗಿಲ್ಲ, ಇದ್ದಲ್ಲಿಂದಲೇ ಕೆಲಸ ಮಾಡಬಹುದು ಎಂದಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, ‘ನೀವು ನೀವಾಗಿಯೇ ಬನ್ನಿ’ ಎಂಬ ಸಾಲು. ನಗುತ್ತಿರುವ ಹಲವು ಬಣ್ಣದ ಮುಖಗಳ ನಡುವೆ ತಲೆಗೆ ವಸ್ತ್ರ ಹೊದ್ದ ಒಬ್ಬ ಹೆಣ್ಣುಮಗಳೂ ಇದ್ದಳು. ನಾನು ನಾನಾಗಿಯೇ ಹೋಗಲು ನಿರ್ಧರಿಸಿದೆ.

ಮೊದಲ ಸುತ್ತಿನಲ್ಲಿ ಮನುಷ್ಯರೇ ಇರಲಿಲ್ಲ. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಕೆಳಗೆ ನಿಮ್ಮದೇ ಮುಖ ಕಾಣುತ್ತದೆ, ಆ ಮುಖಕ್ಕೆ ನೀವು ಉತ್ತರ ಹೇಳಬೇಕು. ‘ನಿಮ್ಮ ದೊಡ್ಡ ದೌರ್ಬಲ್ಯ ಯಾವುದು?’ ಎಂದು ಕೇಳಿತು. ನನ್ನ ಮುಖ ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ನಮ್ಮಿಬ್ಬರಿಗೂ ಉತ್ತರ ಗೊತ್ತಿತ್ತು, ಹೇಳುವ ಮನಸ್ಸಿರಲಿಲ್ಲ. ಮುಗಿದ ಮೇಲೆ, ಇನ್ನಷ್ಟು ಲವಲವಿಕೆ ತೋರಬಹುದಿತ್ತು ಎಂಬ ಸಲಹೆ ಬಂತು. ಮದುವೆಗೆ ಮೊದಲು ನನ್ನನ್ನು ನೋಡಲು ಬಂದ ಎಷ್ಟೋ ಮನೆಯವರು ಚಹಾ ಕುಡಿದು ಹೋಗಿದ್ದಾರೆ. ಅವರಲ್ಲಿ ಯಾರೂ ನಗು ಸಾಲದು ಎಂದು ಹೇಳಿ ಕಳಿಸಿರಲಿಲ್ಲ.

ಎರಡನೆಯದರಲ್ಲಿ ಒಬ್ಬ ತರುಣನ ದನಿ ಇತ್ತು. ಮುಖ ತೋರಿಸಲಿಲ್ಲ. ನನ್ನ ಮುಖ ಅವನಿಗೆ ಕಾಣುತ್ತಿತ್ತು, ಅವನದು ನನಗಿಲ್ಲ. ಜಾಲರಿಯ ಹಿಂದೆ ಕೂತು ಮಾತಾಡಿದ ಹಾಗೆ. ನಡುನಡುವೆ ಏನೋ ಕುರುಕುರು ಅಗಿಯುತ್ತಿದ್ದ. ಒಂದು ಮರವನ್ನು ತಲೆಕೆಳಗು ಮಾಡುವ ಲೆಕ್ಕ ಕೊಟ್ಟ. ಮರ ಎಂದರೆ ಕಂಪ್ಯೂಟರಿನೊಳಗಿನ ಮರ, ಗಾಬರಿಯಾಗಬೇಡಿ. ಮಾಡಿ ತೋರಿಸಿದೆ. ಇಷ್ಟು ವರ್ಷ ಭಟ್ಟಿಗಳ ಜೊತೆ ಕೆಲಸ ಮಾಡಿದ್ದರ ಬಗ್ಗೆ ಕೇಳುತ್ತಾನೆಂದು ಕಾದೆ. ಅವನು ಕೇಳಿದ್ದು ಒಂದೇ: “ಇಷ್ಟು ದಿನ ಬೆಳಗಾವಿಯಲ್ಲೇ ಯಾಕೆ ಉಳಿದಿರಿ?” ಏನೋ ವಾಸಿಯಾಗದ ಬೇನೆಯಿಂದ ಆಸ್ಪತ್ರೆಯಲ್ಲಿ ಬಿದ್ದವಳನ್ನು ಕೇಳಿದ ಹಾಗಿತ್ತು. ಇಲ್ಲಿ ನನ್ನ ಮನೆ ಇದೆ, ನನ್ನ ಮೂರು ಭಾಷೆಗಳಿವೆ, ಸಂಜೆಯಾದರೆ ಫ್ಯಾನು ಬೇಡದ ಗಾಳಿ ಇದೆ ಎಂದು ಹೇಳಬೇಕಿತ್ತು. ಕುಟುಂಬದ ಕಾರಣಗಳು ಎಂದು ಇಂಗ್ಲಿಷಿನಲ್ಲಿ ಗೊಣಗಿದೆ.

ಕೊನೆಯದು ದೊಡ್ಡ ಪರೀಕ್ಷೆ. ಅದನ್ನು ಅವರು ಮತ್ತೆ ಮತ್ತೆ ಮುಂದೂಡಿದರು. ಪ್ರತಿ ಸಲವೂ ‘ನಮ್ಮ ಕಡೆಯ ಅನಿವಾರ್ಯ ಕಾರಣ’. ಪ್ರತಿ ಸಲವೂ ನಾನು ರಜೆ ಹಾಕಿ, ಮನೆಯ ಕೆಳಗಿರುವ ನಮ್ಮ ಅಂಗಡಿಯ ಹಮಾಲರಿಗೆ ಸ್ವಲ್ಪ ಸದ್ದಿಲ್ಲದೆ ಚೀಲ ಇಳಿಸಿರೆಂದು ಬೇಡಿಕೊಂಡು, ಬಾಗಿಲು ಹಾಕಿಕೊಂಡು ಕೂತಿದ್ದೆ. ಕೊನೆಗೆ ಅವರು ಗೊತ್ತು ಮಾಡಿದ ದಿನ ಅಮ್ಮಿಯ ಕಣ್ಣಿನ ಪೊರೆ ತೆಗೆಯುವ, ಅಂದರೆ ಮೋತಿಬಿಂದಿನ, ಆಪರೇಶನ್ ಆದ ಮರುದಿನವಾಗಿತ್ತು. ನಾನು ಖಾನಾಪುರದಲ್ಲಿ ಇರಲೇಬೇಕು. ತಮ್ಮನೂ ಅವನ ಹೆಂಡತಿಯೂ ನೌಕರಿಯವರು, ಹಗಲು ಕಣ್ಣಿಗೆ ಔಷಧಿ ಹಾಕುವವರು ಬೇಕು. ಒಂದೇ ಒಂದು ದಿನ ಮುಂದೆ ಹಾಕಿ ಎಂದು ಕೇಳಿಕೊಂಡೆ. ಬದಲಿಸಲು ಬರುವುದಿಲ್ಲ, ಹಾಜರಾಗದಿದ್ದರೆ ನಿಮಗೆ ಆಸಕ್ತಿ ಇಲ್ಲವೆಂದು ತಿಳಿಯುತ್ತೇವೆ ಎಂಬ ಉತ್ತರ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಂತು. ಅನಿವಾರ್ಯ ಕಾರಣಗಳು ಅವರ ಕಡೆ ಮಾತ್ರ ಇರುತ್ತವೆ, ನಮ್ಮ ಕಡೆ ಇರುವುದು ಆಸಕ್ತಿಯ ಕೊರತೆ ಎಂದು ಅಂದು ಕಲಿತೆ.

ಸರಿ, ಖಾನಾಪುರದಲ್ಲೇ ಕೂತೆ. ತಮ್ಮನ ಕೋಣೆಯಲ್ಲಿ ಮೇಜು ಹಾಕಿದೆ. ಹಾಲ್‌ನಲ್ಲಿ ಅಮ್ಮಿ ಕಪ್ಪು ಕನ್ನಡಕ ಹಾಕಿಕೊಂಡು ದಿವಾನದ ಮೇಲೆ ಒರಗಿದ್ದಳು. ಅವಳ ಜೊತೆ ಕೂರಲು ಶಾಂತಕ್ಕ ಬಂದಿದ್ದಳು. ಈಗ ಅವಳ ಗಂಡ ಇಲ್ಲ, ರಾಗವೆಲ್ಲ ಅವಳದೇ. “ನೀ ಚಿಂತಿ ಮಾಡಬ್ಯಾಡ ಶಾಹೀನಾ. ನಿಮ್ಮ ಅಮ್ಮಿ ಬಾಯಿಂದ ಒಂದ ಮಾತ ಹೊರಬರದಂಗ ನೋಡ್ಕೋತೀನಿ,” ಎಂದು ಭರವಸೆ ಕೊಟ್ಟಳು. ಅಮ್ಮಿ, “ನಾ ಎಲ್ಲೆ ಮಾತಾಡ್ತೀನಿ, ಮಾತಾಡಾಕಿ ಅಕೀನ,” ಎಂದಳು.

ಬಾಗಿಲು ಹಾಕಿ ಕಂಪ್ಯೂಟರ್ ತೆರೆದೆ. ಮುದ್ರಿಸಿಟ್ಟ ದನಿಯೊಂದು ಆಜ್ಞೆ ಮಾಡತೊಡಗಿತು. ಕೋಣೆಯ ನಾಲ್ಕೂ ಮೂಲೆ ತೋರಿಸಿ. ಮೇಜಿನ ಕೆಳಗೆ ತೋರಿಸಿ. ಅಂಗೈ ತೋರಿಸಿ. ಕಿವಿ ತೋರಿಸಿ. ಕಿವಿಯೊಳಗೆ ಏನನ್ನಾದರೂ ಇಟ್ಟುಕೊಂಡು ಉತ್ತರ ಕೇಳಿಸಿಕೊಳ್ಳುತ್ತೀರೋ ಎಂಬ ಅನುಮಾನವಂತೆ. ನಾನು ತಲೆಯ ಮೇಲಿನ ದುಪಟ್ಟಾ ಸ್ವಲ್ಪ ಸರಿಸಿ ಒಂದು ಕಿವಿ, ಆಮೇಲೆ ಇನ್ನೊಂದು ಕಿವಿ ತೋರಿಸಿದೆ. ಸಾಲಲಿಲ್ಲ. ತಲೆಯ ಮೇಲಿನ ವಸ್ತ್ರ ತೆಗೆಯಿರಿ, ಇಲ್ಲವಾದರೆ ಮುಂದುವರಿಯಲು ಆಗುವುದಿಲ್ಲ ಎಂದು ಅದೇ ದನಿ ಅದೇ ಸಮಾಧಾನದಲ್ಲಿ ಹೇಳಿತು. ಮತ್ತೆ ಹೇಳಿತು. ಅದಕ್ಕೆ ಬೇಸರವೇ ಇಲ್ಲ.

ಇಲ್ಲಿ ಒಂದು ಮಾತು. ನಾನು ಮನೆಯಲ್ಲಿ ಬರಿತಲೆಯಲ್ಲೇ ಓಡಾಡುವವಳು. ಫೌಂಡ್ರಿಯಲ್ಲಿ ದುಪಟ್ಟಾ ತೆಗೆದಿಟ್ಟು ಹೆಲ್ಮೆಟ್ ಹಾಕುತ್ತೇನೆ, ಅದರಲ್ಲಿ ನನಗೇನೂ ಅನಿಸಿಲ್ಲ. ಅಲ್ಲಿ ಸೂಪರ್‌ವೈಸರ್ ಪಾಟೀಲರು, “ತಲಿ ಜ್ವಾಕಿ ಮೇಡಮ್,” ಎಂದು ಹೆಲ್ಮೆಟ್ ಕೈಗೆ ಕೊಟ್ಟು ಆಚೆ ತಿರುಗಿ ನಿಲ್ಲುತ್ತಾರೆ. ತೆಗೆಯುವುದಲ್ಲ ಕಷ್ಟ. ಯಾರೂ ಇಲ್ಲದ ಕಡೆಯಿಂದ ಬಂದ ಹುಕುಮಿಗೆ, ಯಾರು ನೋಡುತ್ತಿದ್ದಾರೆಂದೇ ತಿಳಿಯದೆ, ಆಗಲೇ ಕಳ್ಳಿಯೆಂದು ತೀರ್ಮಾನವಾದವಳ ಹಾಗೆ ತೆಗೆಯುವುದು ಕಷ್ಟ. ತೆಗೆದೆ. ‘ನೀವು ನೀವಾಗಿಯೇ ಬನ್ನಿ’ ಎಂದದ್ದು ನೆನಪಾಯಿತು. ಬಂದದ್ದು ನಾನಾಗಿಯೇ, ಬಾಗಿಲಲ್ಲೇ ಅರ್ಧ ಬಿಚ್ಚಿಟ್ಟು ಒಳಗೆ ಹೋದೆ.

ಪರೀಕ್ಷೆ ಮಾತ್ರ ಚೆನ್ನಾಗಿತ್ತು ಎಂದು ಒಪ್ಪಬೇಕು. ಕೆಲವು ಪ್ರಶ್ನೆಗಳು ಎಷ್ಟು ಸೊಗಸಾಗಿದ್ದವೆಂದರೆ ಸಿಟ್ಟು ಮರೆತು ಕೂತೆ. ಎಲ್ಲಕ್ಕಿಂತ ಗಟ್ಟಿಯಾದ ಲೆಕ್ಕ ಬಿಡಿಸುತ್ತಿದ್ದೆ, ಇನ್ನೇನು ಗಂಟು ಬಿಚ್ಚಿತು ಎನ್ನುವಾಗ ಹೊರಗೆ ಏನೋ ಉರುಳಿದ ಸದ್ದು. ಹಿಂದೆಯೇ ಅಮ್ಮಿಯ ದನಿ, “ಯಾ ಅಲ್ಲಾ.”

ಯೋಚಿಸಲಿಲ್ಲ. ಎದ್ದು ಓಡಿದೆ. ಕುರ್ಚಿ ಬಿತ್ತು. ಅಮ್ಮಿ ನೀರು ಕುಡಿಯಲೆಂದು ಎದ್ದು, ಕಪ್ಪು ಕನ್ನಡಕದಲ್ಲಿ ಕಾಣದೆ ಸ್ಟೂಲಿಗೆ ಎಡವಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ಜೋತುಬಿದ್ದಿದ್ದಳು. ಶಾಂತಕ್ಕ ಹಾಲು ಉಕ್ಕುತ್ತದೆಂದು ತನ್ನ ಮನೆಗೆ ಹೋದವಳು ಅದೇ ಹೊತ್ತಿಗೆ ಹೊಸ್ತಿಲಲ್ಲಿ ಕಾಣಿಸಿಕೊಂಡಳು. ಪೆಟ್ಟಾಗಿರಲಿಲ್ಲ. ಅಮ್ಮಿಯನ್ನು ಕೂಡಿಸಿ, ಕಣ್ಣಿಗೆ ಏನೂ ಆಗಿಲ್ಲವೆಂದು ನೋಡಿ, ಶಾಂತಕ್ಕನ ಕೈಗೆ ಒಪ್ಪಿಸಿ ಮರಳಿ ಬಂದೆ.

ಪರದೆ ಬಿಳುಪಾಗಿತ್ತು. ನಡುವೆ ಮೂರು ಸಾಲು. ನಾನು ಜಾಗ ಬಿಟ್ಟು ಎದ್ದಿದ್ದೇನೆ. ಬೇರೊಬ್ಬರ ದನಿ ಕೇಳಿಸಿದೆ. ಆದ್ದರಿಂದ ಪರೀಕ್ಷೆಯನ್ನು ಅಪ್ರಾಮಾಣಿಕ ನಡವಳಿಕೆಯ ಕಾರಣಕ್ಕೆ ಮುಕ್ತಾಯಗೊಳಿಸಲಾಗಿದೆ.

ಕೆಲಸ ಸಿಗಲಿಲ್ಲ ಎಂದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗಿಂತ ಜಾಣರು ಬೇಕಾದಷ್ಟು ಇದ್ದಾರೆ, ಅವರಲ್ಲಿ ಕೆಲವರು ನಗುವುದನ್ನೂ ಬಲ್ಲರು. ಆದರೆ ಅಪ್ರಾಮಾಣಿಕಳು ಎನ್ನಲು ಇವರು ಯಾರು? ಯಾರು ಎಂದು ಕೇಳಿದ್ದು ಸಿಟ್ಟಿನ ಮಾತಿಗಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. ಯಾರು ಹೇಳಿದರು ಅದನ್ನು? ಅವರಿಗೆ ಒಂದು ಹೆಸರಿದೆಯೆ? ಅವರಿಗೂ ಎಡವಿ ಬೀಳುವ ತಾಯಿ ಇದ್ದಾಳೆಯೆ?

ಹಾಲ್‌ಗೆ ಬಂದಾಗ ಅಮ್ಮಿ ನನ್ನ ಮುಖ ಕಾಣದಿದ್ದರೂ ಹೆಜ್ಜೆಯ ಸದ್ದಿನಿಂದಲೇ ಎಲ್ಲ ತಿಳಿದುಕೊಂಡಿದ್ದಳು. “ಮೇರೀಚ್ ಗಲತಿ,” ಎಂದಳು. ನನ್ನದೇ ತಪ್ಪು. ಆಮೇಲೆ ಶಾಂತಕ್ಕನ ಕಡೆ ತಿರುಗಿ ಕನ್ನಡದಲ್ಲಿ, “ಒಂದ ಗುಟುಕು ನೀರಿಗೆ ಮಗಳ ನೌಕರಿ ಕಳದೆ ನೋಡ,” ಎಂದಳು. ಕಪ್ಪು ಕನ್ನಡಕದ ಕೆಳಗಿನಿಂದ ಕಣ್ಣೀರು ಇಳಿಯತೊಡಗಿತು.

ಆಪರೇಶನ್ ಆದ ಕಣ್ಣು. ಅಳಬಾರದು, ಒರೆಸಬಾರದು, ಮುಟ್ಟಲೂ ಬಾರದು ಎಂದು ಡಾಕ್ಟರ್ ಹೇಳಿ ಕಳಿಸಿದ್ದರು. ಶಾಂತಕ್ಕ, “ಅಳಬ್ಯಾಡ್ರಿ ಭಾಬಿ, ನಂದ ತಪ್ಪ, ಹಾಲು ಹಾಳಾಗಿ ಹೋಗಲಿ ಅಂತ ಬಿಡಬೇಕಾಗಿತ್ತು,” ಎಂದು ತಾನೂ ಅಳಲು ಶುರುಮಾಡಿದಳು. ತಪ್ಪು ಮಾಡದ ಇಬ್ಬರು ಮುದುಕಿಯರು ತಪ್ಪಿಗಾಗಿ ಜಗಳಾಡುತ್ತಿದ್ದರು. ತಪ್ಪು ಮಾಡಿದವರು ಎಲ್ಲೋ ಗಾಜಿನ ಕಟ್ಟಡದಲ್ಲಿ, ಏನು ನಡೆಯಿತೆಂದೂ ತಿಳಿಯದೆ ಆರಾಮಾಗಿದ್ದರು. ಹೋಗಲಾರದ ಸಿಟ್ಟು ನನ್ನೊಳಗೆ ಬಂದು ಕೂತದ್ದು ಆ ಗಳಿಗೆಯಲ್ಲಿ. ಬೆರಳಿನಿಂದ ಒರೆಸುವಂತಿಲ್ಲದ ಆ ಕಣ್ಣೀರು ಕೆನ್ನೆಯಿಂದ ಗದ್ದಕ್ಕೆ ಇಳಿಯುವುದನ್ನು ನೋಡುತ್ತ ನಿಂತಾಗ.

ಬೆಳಗಾವಿಗೆ ಮರಳಿದ ಮೇಲೆ ದೂರು ಕೊಡಲು ಕೂತೆ. ಕಂಪನಿಯ ಜಾಲತಾಣದಲ್ಲಿ ಸಹಾಯಕ್ಕೆಂದು ಒಂದು ಯಂತ್ರ ಇದೆ. ನಡೆದದ್ದನ್ನು ಬರೆದೆ. ‘ನಿಮ್ಮ ಭಾವನೆ ನನಗೆ ಅರ್ಥವಾಗುತ್ತದೆ’ ಎಂದಿತು. ಇನ್ನಷ್ಟು ಬಿಡಿಸಿ ಬರೆದೆ. ಇನ್ನಷ್ಟು ಅರ್ಥವಾಯಿತು ಅದಕ್ಕೆ. ಮನುಷ್ಯರ ಜೊತೆ ಮಾತಾಡಬೇಕು ಎಂದೆ. ನಾನೇ ನಿಮಗೆ ಎಲ್ಲ ರೀತಿಯಲ್ಲೂ ನೆರವಾಗಬಲ್ಲೆ ಎಂದಿತು. ನೀನು ಹಾಳಾಗಿ ಹೋಗು ಎಂದೆ. ಈ ಸಂಭಾಷಣೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿತು.

ಇಕ್ಬಾಲ್ ಪೇಪರಿನಿಂದ ತಲೆಯೆತ್ತಿ, “ಬಿಟ್ಟಬಿಡ ಶಾಹೀನ್. ಗ್ವಾಡಿ ಕೂಡ ಎಷ್ಟ ಹೊತ್ತ ಜಗಳಾಡ್ತಿ?” ಎಂದರು. ಗೋಡೆಯ ಜೊತೆ ಜಗಳಾಡಿ ಗೊತ್ತಿಲ್ಲದ ಮನೆತನ ಅವರದು. ರವಿವಾರ ಪೇಟೆಯಲ್ಲಿ ನಮ್ಮದು ಬೆಲ್ಲ, ಒಣಮೆಣಸಿನಕಾಯಿಯ ಹೋಲ್‌ಸೇಲ್ ಅಂಗಡಿ. ಮಾಳಿಗೆಯ ಮೇಲೆ ಮನೆ. ಮಾವನವರು ಅಂಗಡಿ ನಡೆಸುತ್ತಿದ್ದ ಕಾಲದಲ್ಲಿ ಬೀಡಿ ಎಂಬ ಊರಿನ ಒಬ್ಬ ಕಿರಾಣಿಯವನಿಗೆ ನೀರೊಡೆದ ಬೆಲ್ಲ ಹೋಗಿಬಿಟ್ಟಿತ್ತು. ಆತ ಬಸ್ಸು ಹತ್ತಿ ಬಂದು, ಅಂಗಡಿಯ ಮುಂದೆ ನಡುಬೀದಿಯಲ್ಲಿ ನಿಂತು, ನಮ್ಮ ಹಿಂದಿನ ತಲೆಮಾರುಗಳನ್ನೂ ಸೇರಿಸಿ ಬೈದ. ನಾನು ಆಗ ಹೊಸ ಸೊಸೆ, ಮೇಲಿನ ಕಿಟಕಿಯಿಂದ ಕನ್ನಡದ ಬೈಗುಳದ ಸಂಪತ್ತನ್ನೆಲ್ಲ ಬೆರಗಿನಿಂದ ಕೇಳಿದೆ. ಮಾವನವರು ಒಂದೂ ಮಾತಾಡದೆ ಪೂರ್ತಿ ಕೇಳಿಸಿಕೊಂಡರು. ಆತ ಉಸಿರು ತೆಗೆದುಕೊಳ್ಳಲು ನಿಂತಾಗ, “ಖರೇ ಐತ್ರಿ. ಒಳಗ ಬರ್ರಿ, ಕುಂದರ್ರಿ, ಚಾ ಕುಡೀರಿ. ಉಳದದ್ದ ಕುಂತ ಬೈರಿ,” ಎಂದರು. ಆತ ಬಂದ, ಕುಂತ, ಚಹಾ ಕುಡಿದ. ಉಳಿದದ್ದನ್ನು ಬೈಯಲು ಅವನಿಗೆ ನೆನಪೇ ಆಗಲಿಲ್ಲ. ಬೆಲ್ಲ ವಾಪಸು ಬಂತು. ಅವನ ಮಗ ಇಂದಿಗೂ ನಮ್ಮಲ್ಲೇ ಬೆಲ್ಲ ಒಯ್ಯುತ್ತಾನೆ. ಇದನ್ನು ವ್ಯಾಪಾರದ ಜಾಣತನ ಎನ್ನಬಹುದು. ನನಗೆ ಮಾತ್ರ ಇದು ದೊಡ್ಡ ನಾಗರಿಕತೆ ಅನಿಸುತ್ತದೆ. ತಪ್ಪಾದಾಗ ಬೈಸಿಕೊಳ್ಳಲು ಒಬ್ಬ ಮನುಷ್ಯ, ಮುಖ ತೋರಿಸಿಕೊಂಡು, ಅಂಗಡಿಯ ಬಾಗಿಲಲ್ಲೇ ಕೂತಿದ್ದ.

ಜಗತ್ತಿನಲ್ಲೇ ದೊಡ್ಡದೆನ್ನುವ ಆ ಕಂಪನಿಗೆ ಅಂಥ ಒಬ್ಬರನ್ನು ಕೂಡಿಸಲು ಆಗಿರಲಿಲ್ಲ.

ಮೇಲ್ ಬರೆದೆ, ಇಂಗ್ಲಿಷಿನಲ್ಲಿ. ಬರೆದು ಓದಿದರೆ, ಅವರಿಗೆ ಧನ್ಯವಾದ ಹೇಳಿದ ಹಾಗಿತ್ತು. ಇಂಗ್ಲಿಷ್ ನನಗೆ ಕೆಲಸದ ಭಾಷೆ. ಅದರಲ್ಲಿ ನನ್ನ ಸಿಟ್ಟು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಕೈಕಟ್ಟಿ ನಿಂತುಬಿಡುತ್ತದೆ. ಬಂದ ಉತ್ತರಗಳೂ ಹಾಗೇ ಇದ್ದವು. ಕೊನೆಗೆ ಒಂದು ದಿನ ತಲೆಕೆಟ್ಟು ಕನ್ನಡದಲ್ಲೇ ಬರೆದೆ. ಅಮ್ಮಿ ಎಡವಿದ್ದು, ನಾನು ಓಡಿದ್ದು, ಅಳಬಾರದ ಕಣ್ಣು ಅತ್ತದ್ದು, ದುಪಟ್ಟಾ ತೆಗೆಸಿದ್ದು. ‘ತಾಯಿ ಬಿದ್ದ ಸದ್ದು ಕೇಳಿಯೂ ಕುರ್ಚಿ ಬಿಟ್ಟು ಏಳದವರೇ ನಿಮಗೆ ಪ್ರಾಮಾಣಿಕರಾಗಿ ಕಂಡರೆ, ನನ್ನನ್ನು ಅಪ್ರಾಮಾಣಿಕಳೆಂದೇ ಬರೆದುಕೊಳ್ಳಿ. ಆದರೆ ಹಾಗೆ ಬರೆದವರು ಯಾರೆಂದು ಹೆಸರು ಹೇಳಿ’ ಎಂದು ಮುಗಿಸಿದೆ. ಕಳಿಸಿ ಎದ್ದಾಗ, ಬಹಳ ದಿನದ ಮೇಲೆ ಹಸಿವಾಗಿತ್ತು.

ಕೆಲವು ವಾರ ಕಳೆದು, ಒಂದು ಮಧ್ಯಾಹ್ನ ಫೋನ್ ಬಂತು. ಕಣ್ಣಿನ ತಪಾಸಣೆಗೆಂದು ಅಮ್ಮಿ ಅಂದು ಬೆಳಗಾವಿಗೆ ಬಂದು ನಮ್ಮ ಮನೆಯಲ್ಲಿದ್ದಳು.

“ನಮಸ್ಕಾರ್ರಿ. ಶಾಹೀನ್ ಮೇಡಮ್ ಏನ್ರಿ? ನಾ ರೇಖಾ ಅಂತ,” ಎಂದು ಒಂದು ಹೆಣ್ಣುದನಿ ಆ ಕಂಪನಿಯ ಹೆಸರು ಹೇಳಿತು. “ನಿಮ್ಮ ಕನ್ನಡ ಮೇಲ್ ಯಂತ್ರಕ್ಕ ತಿಳಿಲಿಲ್ಲಂತ್ರಿ. ಆ ಕಡೆ ಈ ಕಡೆ ತಿರಗಿ ನನ್ನ ಕಡೆ ಬಂತು. ನಾನೂ ಈ ಕಡೆಯಾಕೀನ, ಗದಗಿನಾಕಿ.”

ಇಷ್ಟು ದಿನ ನಾನು ಕಾಯುತ್ತಿದ್ದ ಮನುಷ್ಯಜೀವ ಸಿಕ್ಕಿತ್ತು. ಬೈದೆ. ಬೀಡಿಯ ಕಿರಾಣಿಯವನಿಗೆ ಸರಿಸಮವಾಗಿ ಬೈದೆ ಎಂದು ಹೇಳಲಾರೆ, ನನ್ನ ಶಕ್ತ್ಯನುಸಾರ ಬೈದೆ. ಇಕ್ಬಾಲ್ ಅಂಗಡಿಯಿಂದ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಆ ಹುಡುಗಿ ಒಮ್ಮೆಯೂ ನನ್ನ ಭಾವನೆ ಅರ್ಥವಾಗುತ್ತದೆ ಎನ್ನಲಿಲ್ಲ. ನಾನು ಸುಸ್ತಾಗಿ ನಿಂತ ಮೇಲೆ, “ನಾ ಆ ರೆಕಾರ್ಡಿಂಗ್ ನೋಡೇನ್ರಿ ಮೇಡಮ್,” ಎಂದಳು. “ನೀವ ಓಡಿದ್ದು ನೋಡೇನಿ. ಖುರ್ಚಿ ಬಿದ್ದದ್ದ ನೋಡೇನಿ. ಅಮ್ಮಾರು ಈಗ ಹೆಂಗದಾರ್ರಿ?”

ಇಷ್ಟು ದಿನದಲ್ಲಿ ಆ ಕಂಪನಿಯಿಂದ ಅದನ್ನು ಕೇಳಿದವಳು ಅವಳೊಬ್ಬಳೇ. “ಕಣ್ಣು ಆರಾಮ ಐತಿ,” ಎಂದೆ, ಅದನ್ನೂ ಸಿಟ್ಟಿನಲ್ಲೇ.

ಅಪ್ರಾಮಾಣಿಕ ಎಂಬ ಷರಾ ತೆಗೆಸಿದ್ದೇನೆ ಎಂದಳು. ಪರೀಕ್ಷೆ ಮತ್ತೆ ಬರೆಯಬಹುದು ಎಂದಳು. ಈ ಸಲವಾದರೂ ಎದುರಿಗೆ ಮನುಷ್ಯರು ಇರುತ್ತಾರೆಯೆ ಎಂದು ಕೇಳಿದೆ. ಇಲ್ಲ, ಎಲ್ಲ ಹಾಗೆಯೇ, ಕಿವಿ ತೋರಿಸುವುದೂ ಹಾಗೆಯೇ; ಅದನ್ನು ಬದಲಿಸುವುದು ತನ್ನ ಕೈಯಲ್ಲಿಲ್ಲ ಎಂದಳು. ಹಾಗಾದರೆ ನಾನು ಬರೆಯುವುದಿಲ್ಲ ಎಂದೆ. ಬಾಗಿಲಲ್ಲಿ ಇಕ್ಬಾಲ್ ಹಾಗನ್ನಬೇಡ ಎಂದು ಕೈಯಾಡಿಸಿದರು. ದೀಪಾವಳಿ ದೂರವಿರಲಿಲ್ಲ.

“ಒಂದ ಕೆಲಸ ಮಾಡು ತಂಗಿ,” ಎಂದೆ. “ನಮ್ಮ ಅಮ್ಮಿ ಇನ್ನೂ ತನ್ನದ ತಪ್ಪು ಅಂತ ತಿಳಕೊಂಡು ಕುಂತಾಳ. ಅಕೀಗೆ ಒಂದ ಮಾತ ಹೇಳು.”

ಕಂಪನಿಯ ಪರವಾಗಿ ಹಾಗೆಲ್ಲ ಹೇಳಲು ರೇಖಾಳಿಗೆ ಅಧಿಕಾರವಿರಲಿಲ್ಲ ಎಂದು ನನಗೂ ಗೊತ್ತಿತ್ತು. “ಕೊಡ್ರಿ,” ಎಂದಳು.

ಸ್ಪೀಕರ್ ಹಾಕಿ ಫೋನನ್ನು ಅಮ್ಮಿಯ ಕೈಗೆ ಕೊಟ್ಟೆ. “ಅಮ್ಮಾ, ನಿಮ್ಮದೇನೂ ತಪ್ಪಿಲ್ರಿ. ತಪ್ಪು ನಮ್ಮದು,” ಎಂದಳು ಆ ಹುಡುಗಿ.

ಅಮ್ಮಿ ಮೆತ್ತಗಿನ ಹೆಂಗಸು. ಕೋಳಿಯನ್ನು ಓಡಿಸುವುದಕ್ಕೂ “ಹೋಗವ್ವಾ” ಎನ್ನುವವಳು. ಅವಳು ಈಗ ‘ಇರಲಿ ಬಿಡವ್ವಾ’ ಎನ್ನುತ್ತಾಳೆ ಎಂದು ನಾವೆಲ್ಲ ಕಾದೆವು. ಅಮ್ಮಿ ಬೆನ್ನು ನೆಟ್ಟಗೆ ಮಾಡಿ ಕೂತಳು.

“ತಪ್ಪ ನಿಮ್ಮದು ಅಂತ ಈಗ ಗೊತ್ತಾತೇನು?” ಎಂದಳು. “ನನ್ನ ಮಗಳು ಹುಟ್ಟಿದಾಗಿಂದ ಒಂದ ಸುಳ್ಳ ಹೇಳಿದಾಕಿ ಅಲ್ಲ. ಅಕೀಗೆ ಕಳ್ಳಿ ಅಂದ್ರಿ. ತಲಿ ಮ್ಯಾಲಿನ ಪದರ ತಗಿಸಿದ್ರಿ. ನಿಮಗ ಅಕ್ಕ ತಂಗ್ಯಾರು ಇಲ್ಲೇನು? ನಾ ಎಷ್ಟ ದಿನ ನಿದ್ದಿ ಮಾಡಿಲ್ಲ ಗೊತ್ತೈತಿ? ಡಾಕ್ಟರ್ ಕಣ್ಣಾಗ ನೀರ ತರಬ್ಯಾಡ ಅಂದ್ರ, ದಿನಾ ನೀರ ಹಾಕಿಸಿದವ್ರು ನೀವು.”

ಹೀಗೇ ನಡೆಯಿತು. ಬೈಗುಳ ಒಂದೂ ಇರಲಿಲ್ಲ, ಕೂಗಾಟವೂ ಇಲ್ಲ. ಆದರೆ ನನ್ನ ಇಡೀ ಮಳೆಗಾಲದ ಸಿಟ್ಟು ಅವಳ ಒಂದು ಸಾಲಿಗೆ ಸಮನಾಗಿರಲಿಲ್ಲ. ಕೇಳುತ್ತ ಕೇಳುತ್ತ, ಈ ಸಿಟ್ಟು ನನಗೆ ಎಲ್ಲಿಂದ ಬಂದದ್ದೆಂದು ತಿಳಿಯಿತು. ಆ ಕಡೆಯಿಂದ ನಡುನಡುವೆ “ಹೌದ್ರಿ ಅಮ್ಮಾ”, “ಖರೇ ಅದ ರಿ” ಎಂಬ ಸಣ್ಣ ದನಿ ಬರುತ್ತಿತ್ತು. ಕೊನೆಗೆ ಅಮ್ಮಿ ನಿಟ್ಟುಸಿರು ಬಿಟ್ಟು, “ನಿಂದ ಊಟ ಆತೇನವ್ವಾ?” ಎಂದಳು. ಇನ್ನೂ ಇಲ್ಲ ಎಂದು ಉತ್ತರ ಬಂತು. “ಮೂರಾಗಾಕ ಬಂತು. ಮೊದಲ ಉಣ್ಣ ಹೋಗು,” ಎಂದು ಫೋನ್ ನನಗೆ ಕೊಟ್ಟಳು.

ಫೋನ್ ಇಡುವ ಮೊದಲು ರೇಖಾ ಮೆಲ್ಲಗೆ, ತನ್ನದೂ ಕಾಂಟ್ರಾಕ್ಟ್ ಕೆಲಸ, ಈ ತಿಂಗಳಿಗೆ ಮುಗಿಯುತ್ತದೆ, ಮುಂದೆ ತನ್ನ ಜಾಗದಲ್ಲೂ ಯಂತ್ರವೇ ಬರುತ್ತದಂತೆ ಎಂದಳು. “ಅದಕ್ಕ ಧೈರ್ಯ ಮಾಡಿ ಫೋನ್ ಹಚ್ಚಿದೆ ರಿ,” ಎಂದಳು.

ಅಮ್ಮಿಗೆ ಅದನ್ನು ಹೇಳಿದಾಗ ಅವಳು ನನ್ನ ಮೇಲೆಯೇ ತಿರುಗಿಬಿದ್ದಳು. “ಎಂಥಾ ಚಲೋ ಹುಡುಗಿ. ಅಕೀಗೆ ನನ್ನ ಕಡೆಯಿಂದ ಬೈಸಿದೆಲ್ಲ ನೀ?”

ಹೌದು, ಬೈಸಿದ್ದೆ. ಈ ಕಂಪನಿಗಳ ಮೇಲೆ ನನಗಿರುವ ಸಿಟ್ಟಿನಲ್ಲಿ ಈಗ ಇದೇ ಎಲ್ಲಕ್ಕಿಂತ ಮೇಲಿನದು. ಹುಕುಮು ಕೊಟ್ಟವರು ಒಳಗೆ ಎಲ್ಲೋ ಕೂತಿರುತ್ತಾರೆ. ಬಾಗಿಲು ತೆರೆಯುವಷ್ಟು ಮನುಷ್ಯತ್ವ ಯಾರಲ್ಲಿ ಉಳಿದಿರುತ್ತದೋ ಅವರೇ ಬೈಸಿಕೊಳ್ಳಬೇಕು ಎಂದು ಇಡೀ ಮನೆಯನ್ನು ಕಟ್ಟಿದ್ದಾರೆ. ಅಮ್ಮಿಯ ಕಣ್ಣು ನೆಟ್ಟಗಾಯಿತು, ನಿದ್ದೆಯೂ ಬಂತು. ನನ್ನ ಸಿಟ್ಟಿಗೆ ಮಾತ್ರ ಈಗ ರೇಖಾಳ ಪಾಲೂ ಸೇರಿದೆ.

ದೀಪಾವಳಿಗೆ ಕುಲಕರ್ಣಿ ಸರ್ ಪುಣೆಗೆ ಹೋದರು. ಭಟ್ಟಿಗಳು ಕಾಯುವುದನ್ನು ನಿಲ್ಲಿಸಲಿಲ್ಲ. ಕೆಲವು ಫೌಂಡ್ರಿಯವರು ಸೇರಿ, ಆ ಸಾಫ್ಟ್‌ವೇರನ್ನು ಇನ್ನು ನೀವೇ ನೋಡಿಕೊಳ್ಳಿ ಎಂದರು. ಉದ್ಯಮಬಾಗದಲ್ಲಿ ಒಂದು ಸಣ್ಣ ಕೋಣೆ ಮಾಡಿಕೊಂಡಿದ್ದೇನೆ. ‘ಆದದ್ದು ಒಳ್ಳೆಯದೇ ಆಯಿತು’ ಎಂದು ಸಮಾಧಾನ ಹೇಳುವವರಿಗೆ ನಾನು ಚಹಾ ಕೊಡುವುದಿಲ್ಲ. ಆ ದೊಡ್ಡ ಕೆಲಸ ನನಗೆ ಬೇಕಾಗಿತ್ತು. ಆ ಸೊಗಸಾದ ಲೆಕ್ಕ ಬಿಡಿಸಲು ನನಗೆ ಬರುತ್ತಿತ್ತು.

ಹೊಸ ಕೋಣೆಯಲ್ಲಿ ನಾನು ಮಾಡಿದ ಮೊದಲ ಕೆಲಸವೆಂದರೆ, ಭಟ್ಟಿಯ ಎದುರಿನ ಪರದೆಗಳ ಮೇಲೆಲ್ಲ ನನ್ನ ಹೆಸರು, ನನ್ನ ಫೋನ್ ನಂಬರು ಕಾಣುವಂತೆ ಹಾಕಿದ್ದು. ಕನ್ನಡದಲ್ಲಿ, ಮರಾಠಿಯಲ್ಲಿ, ದೊಡ್ಡ ಅಕ್ಷರದಲ್ಲಿ. “ಹುಚ್ಚ ಹಿಡದೈತೇನು? ಹೊತ್ತಿಲ್ಲದ ಹೊತ್ತಿನಾಗ ಫೋನ್ ಹಚ್ಚಿ ಬೈತಾರ,” ಎಂದರು ಇಕ್ಬಾಲ್. ಬೈಯಲಿ ಎಂದೆ.

ಬೈಯುತ್ತಾರೆ. ಮೊನ್ನೆ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಪಾಟೀಲರ ಫೋನ್ ಬಂತು. “ಏನ್ ಬರದೀರಿ ಮೇಡಮ್ ಇದನ್ನ? ನಸುಕಿನಿಂದ ಸುಮ್ಮ ಸುಮ್ಮನ ಹೊಯ್ಕೊಳ್ಳಾಕತ್ತೈತಿ. ಭಟ್ಟಿ ನೋಡಿದ್ರ ತಣ್ಣಗೈತಿ. ಮಂದಿಯೆಲ್ಲ ಕೆಲಸ ಬಿಟ್ಟ ಹೊರಗ ನಿಂತಾರ. ನಾ ಏನ್ ಇದರ ಮುಂದ ಕುಂತ ಭಜನಿ ಮಾಡ್ಲೇನು?” ನಾನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಪೂರ್ತಿ ಕೇಳಿದೆ. ಆಮೇಲೆ, “ತಪ್ಪ ನಂದ ಐತ್ರಿ ಪಾಟೀಲ್ರ. ಹಿಂಗ ಬಂದೆ,” ಎಂದು ಒಲೆ ಆರಿಸಿ ಸ್ಕೂಟರಿನ ಕೀಲಿ ತೆಗೆದುಕೊಂಡೆ.

ಪಾಪ, ಪಾಟೀಲರು ಬೈಯಲು ಇನ್ನೂ ಬೇಕಾದಷ್ಟು ಸಿದ್ಧಮಾಡಿಕೊಂಡಿದ್ದರೆಂದು ಕಾಣುತ್ತದೆ.

“ಆತ್ರಿ,” ಎಂದರು. “ಗಾಡಿ ಸಾವಕಾಶ ಹೊಡೀರಿ. ರೈಲ್ವೆ ಗೇಟಿನ ಕಡೆ ರಸ್ತಾ ಅಗದಾರ.”